ಹಾಳೆ ಮೂಲೆಯ ಕಾಳು

ನಾನು ಅಂಜುಬುರುಕಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ನಗುವುದು ಬೇಡ. ದುಬೈಗೆ ಬಂದು ಒಂಬತ್ತು ವರ್ಷವಾಯಿತು. ಇವತ್ತಿಗೂ ಪೊಲೀಸರ ಕಾರು ಪಕ್ಕದಲ್ಲಿ ಹಾದರೆ ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಳ್ಳುತ್ತೇನೆ, ಡ್ರೈವ್ ಮಾಡುತ್ತಿರುವುದು ನಾನಲ್ಲದಿದ್ದರೂ. ನನ್ನ ಗಂಡ ಸಿದ್ದೇಶ ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಾಳೆಗಳು ಅವರ ಅವ್ವನವು, ಆದರೆ ಆ ಫಾರ್ಮಿನ ಮೇಲೆ ಸಹಿ ಇದ್ದದ್ದು ನನ್ನದು.

ಫಾರ್ಮಿನ ಕತೆ ಇಷ್ಟು. ನಮ್ಮತ್ತೆ ಬಸವ್ವ ಹಾಡುವವರು. ಗದಗಿನ ಆಚೆಯ ಹಳ್ಳಿಗಳಲ್ಲಿ ಬೀಸುವ ಹಾಡು, ಸೋಬಾನ, ಜೋಗುಳ ಎಂದರೆ ಇವರನ್ನೇ ಕರೆಸುತ್ತಿದ್ದರು. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತರು. ಕಲಿತು ಸುಮ್ಮನೆ ಕೂರಲಿಲ್ಲ, ಬಾಯಲ್ಲಿದ್ದ ಹಾಡನ್ನೆಲ್ಲ ಬರೆದಿಟ್ಟರು, ನಡುನಡುವೆ ತಮ್ಮ ಬದುಕನ್ನೂ ಬರೆದರು. ಎರಡು ಪುಸ್ತಕ ಅಚ್ಚಾದವು. ಅಚ್ಚಾಗದೆ ಉಳಿದದ್ದು ಮುನ್ನೂರಕ್ಕೂ ಮಿಕ್ಕಿದ ಬಿಡಿ ಹಾಳೆ. ನೋಟ್‌ಬುಕ್ಕಿನಿಂದ ಹರಿದದ್ದು, ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ಬೆನ್ನು, ಕೈಗೆ ಸಿಕ್ಕಿದ್ದೆಲ್ಲ.

ಅಬುಧಾಬಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದವರು ದೇಶದೇಶದ ಹೆಂಗಸರು ಕೆಲಸ ಮಾಡುತ್ತಾ ಹಾಡುವ ಹಾಡುಗಳನ್ನು ಕೂಡಿಸುತ್ತಿದ್ದಾರೆ. ಅವರು ಈ ಹಾಳೆಗಳನ್ನು ಕೇಳಿದರು. ಅಂಚೆಯಲ್ಲಿ ಕಳಿಸಲು ಅತ್ತೆ ಸುತಾರಾಂ ಒಪ್ಪಲಿಲ್ಲ. "ನನ್ನ ಹಾಳಿ ಜೋಡಿ ನಾನೂ ಬರತೀನಿ" ಎಂದು ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿದ್ದರೂ, ಹಾಳೆಗಳ ಟ್ರಂಕಿನ ಸಮೇತ ವಿಮಾನ ಹತ್ತಿದರು. ಹಾಳೆಗಳಲ್ಲಿ ಹುಳವಿಲ್ಲ, ತಿನ್ನುವ ಪದಾರ್ಥವಿಲ್ಲ, ಬೀಜವಿಲ್ಲ, ಈ ದೇಶದಲ್ಲಿ ನಿಷೇಧಿಸಿದ್ದು ಏನೂ ಇಲ್ಲ ಎಂಬ ಗ್ರಂಥಾಲಯದವರ ಫಾರ್ಮಿಗೆ ನಾನು ಸಹಿ ಹಾಕಿ ಕಳಿಸಿದೆ. ಟ್ರಂಕು ತೆರೆದು ನೋಡಿರಲಿಲ್ಲ. ಕಾಗದದಲ್ಲಿ ಕಾಗದವಲ್ಲದೆ ಇನ್ನೇನಿರುತ್ತದೆ?

ತಿಂಡಿಯ ಚೀಲದ ಬಗ್ಗೆ ಮಾತ್ರ ಅವರು ಹೊರಡುವ ಮುಂಚೆಯೇ ನಾಲ್ಕು ಸಲ ಫೋನು ಮಾಡಿದ್ದೆ. ಶೇಂಗಾ ಹೋಳಿಗೆ ತರ್ರಿ, ಗುರೆಳ್ಳು ಚಟ್ನಿ ತರ್ರಿ, ಗಸಗಸೆ ಒಂದು ಬ್ಯಾಡ ಅತ್ತೀ, ಒಂದ ಕಾಳೂ ಬ್ಯಾಡ. ಊರಲ್ಲಿ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಗಸಗಸೆ ಇಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಅದು ಇಲ್ಲಿನ ನಮ್ಮವರಿಗೆಲ್ಲ ಗೊತ್ತು. ಎದುರು ಮನೆಯ ಉಡುಪಿಯ ಲೋಲಾಕ್ಷಿಯಕ್ಕ ಅಂತೂ ಆ ಹೆಸರೇ ಎತ್ತುವುದಿಲ್ಲ. "ಆ ಸಾಮಾನಿನ ಸುದ್ದಿ ಬೇಡ ಮಾರಾಯ್ತಿ, ಗೋಡೆಗೂ ಕೇಳ್ತದೆ" ಅನ್ನುತ್ತಾರೆ.

ಅತ್ತೆ ಬಂದು ಎರಡು ವಾರವಾಗಿತ್ತು, ಸೋಮವಾರ ಗ್ರಂಥಾಲಯಕ್ಕೆ ಹೋಗಬೇಕಿತ್ತು. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಾಲ್‌ನಲ್ಲಿ ಅತ್ತೆ ಟ್ರಂಕು ತೆರೆದು ಕೂತಿದ್ದರು, ಪಕ್ಕದಲ್ಲಿ ನನ್ನ ಮಗಳು ಅಕ್ಷರಾ. ಹನ್ನೆರಡು ವರ್ಷದವಳು. ಅಜ್ಜಿಯನ್ನು ಆಯಿ ಎಂದು ಕರೆಯುವುದು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್.

"ಆಯಿ, ವಾಟ್ಸ್ ಇನ್‌ಸೈಡ್ ದಿಸ್?"

"ಗಂಟ ಹಿಚುಕಿ ನೋಡು, ದುಂಡಗ ಹತ್ತತೈತಲ್ಲ? ಜ್ವಾಳ. ಜ್ವಾಳ ಇದ್ರ ಬೀಸೂ ಹಾಡು. ಇದು ಹತ್ತಿಕಾಳ, ಹತ್ತಿ ಬಿಡಸೂ ಮುಂದ ಹಾಡೂದು. ಮೊದಲ ನನಗ ಅಕ್ಷರಾನ ಬರತಿದ್ದಿಲ್ಲ, ಸೆರಗಿಗೆ ಹಿಂಗ ಕಾಳ ಕಟ್ಟಿ ಗುರುತ ಇಡತಿದ್ದೆ. ಬರಿಯಾಕ ಕಲತರೂ ಇದನ್ನ ಬಿಡಲಿಲ್ಲ. ಈಗ ಕಣ್ಣ ಹೋದ್ರೇನವ್ವಾ, ಬೆರಳ ಅದಾವಲ್ಲ."

ಹಾಳೆಗಳ ಮೂಲೆಯ ಆ ಪುಟ್ಟ ಅರಿವೆ ಗಂಟುಗಳನ್ನು ಅತ್ತೆ ಟ್ರಂಕು ತೆರೆದಾಗ ನಾನೂ ಕಂಡಿದ್ದೆ. ಹಾಳೆ ಕೂಡಿಸಿ ಹೊಲಿದ ದಾರ ಅಂದುಕೊಂಡಿದ್ದೆ. ಕಾಳು ಎಂದದ್ದೇ ಬೀಜವಿಲ್ಲವೆಂದು ಸಹಿ ಹಾಕಿದ ಫಾರ್ಮು ನೆನಪಾಯಿತು. ಇರಲಿ, ಜೋಳ ತಾನೇ, ಹೇಗಾದರೂ ಹೇಳಿಕೊಂಡರಾಯಿತು ಎಂದು ರೊಟ್ಟಿ ಮಗುಚಿದೆ.

"ಅಂಡ್ ದಿಸ್ ಒನ್? ಸೋ ಟೈನಿ!"

"ಅದು ಗಸಗಸಿ. ತೊಟ್ಟಲದ ಹಾಡಿಗೆಲ್ಲಾ ಗಸಗಸಿನ ಕಟ್ಟೀನಿ. ಬಾಣಂತಿಗೆ ಗಸಗಸಿ ಹಾಲು ಕುಡಸ್ತಿದ್ವಿ, ಚೆಂದ ನಿದ್ದಿ ಹತ್ತಲಿ ಅಂತ."

ಹೆಂಚಿನ ಮೇಲೆ ರೊಟ್ಟಿ ಸುಟ್ಟು ಹೊಗೆಯೆದ್ದರೂ ನಾನು ಕದಲಲಿಲ್ಲ. ವಿಮಾನ ನಿಲ್ದಾಣದಿಂದ ನಮ್ಮ ಅಲ್ ಬರ್ಷಾದ ಮನೆಯ ತನಕ ಆ ಟ್ರಂಕನ್ನು ನಾನೇ ತಬ್ಬಿಕೊಂಡು ತಂದಿದ್ದೆ, ತಾಯೀ!

ಆಮೇಲೆ ಏನೂ ಆಗದವಳಂತೆ ಹಾಲ್‌ಗೆ ಬಂದು ಕೇಳಿದೆ. "ಅಂಥಾವು ಎಷ್ಟ ಅದಾವ ಅತ್ತೀ?"

"ಯಾರ ಎಣಿಸ್ಯಾರ? ತೊಟ್ಟಲದ ಹಾಡು ಎಲ್ಲಾ ಕಟ್ಟಿನ್ಯಾಗೂ ಅದಾವ." ಕಟ್ಟು ಹನ್ನೊಂದು ಇದ್ದವು.

ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಸಿದ್ದೇಶರಿಗೆ ಫೋನು ಮಾಡಿದೆ. ಅವರು ಮಿರ್ದಿಫ್‌ನ ಕಟ್ಟಡದ ಸೈಟ್‌ನಲ್ಲಿದ್ದರು.

"ನೀವ ಈಗಿಂದೀಗ ಮನಿಗೆ ಬರ್ರಿ."

"ಯಾಕ, ಅವ್ವಗ ಏನಾರ ಆತೇನ?"

"ಅವ್ವಗ ಏನೂ ಆಗಿಲ್ಲ. ಹಾಳಿ ಅದಾವಲ್ಲ, ಅದರಾಗ... ಫೋನಿನ್ಯಾಗ ಹೇಳಾಕ ಬರಂಗಿಲ್ಲ."

"ಸುರು ಆತ ನಿಂದು! ಹುಳ ಅದಾವೇನ? ಇಲ್ಲಿ ಕ್ಲೈಂಟ್ ನಿಂತಾನ, ಸಂಜಿಗೆ ಬರತೀನಿ" ಎಂದು ಇಟ್ಟೇಬಿಟ್ಟರು. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಯಾರಾದರೂ ಕೇಳಿದರೆ ಏನು ಹೇಳಲಿ? ನನಗೆ ಗೊತ್ತಿರಲಿಲ್ಲ ಎಂದೇ? ಗೊತ್ತಿರಲಿಲ್ಲ ಎಂದವರ ಕತೆಗಳನ್ನು ನಾನು ಬೇಕಾದಷ್ಟು ಕೇಳಿದ್ದೆ. ಅಕ್ಷರಾ ಶಾಲೆಯಿಂದ ಬರುವ ಹೊತ್ತಿಗೆ ಮನೆಗೆ ಬೀಗ ಬಿದ್ದಿರುವುದು ಕಣ್ಣ ಮುಂದೆ ಬಂತು. ಈ ಕಣ್ಣಿಲ್ಲದ ಮುದುಕಿಯನ್ನು ಯಾವುದೋ ಬೆಂಚಿನ ಮೇಲೆ ಕೂರಿಸಿ ಅರಬಿಯಲ್ಲಿ ಪ್ರಶ್ನೆ ಕೇಳುವುದೂ ಕಂಡಿತು.

ಅತ್ತೆಗೇ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮತ್ತೆ ನಿಮಗೆ ಗೊತ್ತಿಲ್ಲ. ಅವರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, ಭಾಷೆ ಬರಲಿ ಬಿಡಲಿ, "ನಿಮ್ಮ ದೇಶದಾಗ ಗಸಗಸಿಗೆ ಜೇಲಂತ, ಹೌದೇನ್ರಿ?" ಎಂದು ಕೇಳಿಯೇ ಕೇಳುತ್ತಿದ್ದರು. ಗ್ರಂಥಾಲಯದವರಿಗಂತೂ ಮೊದಲು ಅದನ್ನೇ ಹೇಳುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಊಟವಾಗಿ ಅವರು ಮಲಗಿದರು. ಅಕ್ಷರಾಳನ್ನು ಲೋಲಾಕ್ಷಿಯಕ್ಕನ ಮನೆಗೆ ಅಟ್ಟಿದೆ. ಟ್ರಂಕನ್ನು ಹಾಲ್‌ನ ಕಾರ್ಪೆಟ್ಟಿನ ಮೇಲೆ ತೆರೆದು ಕತ್ತರಿ ಹಿಡಿದು ಕೂತೆ. ಗಸಗಸೆಯ ಗಂಟುಗಳನ್ನಷ್ಟೇ ತೆಗೆಯಬೇಕು ಎಂದುಕೊಂಡಿದ್ದೆ, ದೇವರಾಣೆ. ಆದರೆ ನನ್ನ ಬೆರಳಿಗೆ ಅತ್ತೆಯ ಬೆರಳಿನ ಬುದ್ಧಿ ಎಲ್ಲಿಂದ ಬರಬೇಕು? ಸಾಸಿವೆಯೋ, ರಾಗಿಯೋ, ರಾಜಗಿರಿಯೋ, ಹಿಚುಕಿದರೆ ಎಲ್ಲವೂ ಒಂದೇ. ಒಂದು ಬಿಚ್ಚಿದೆ, ನವಣೆ. ಇನ್ನೊಂದು ಬಿಚ್ಚಿದೆ, ರಾಜಗಿರಿ. ಮೂರನೆಯದು ಬಿಚ್ಚುತ್ತಿದ್ದಂತೆ ಸಣ್ಣ ಬಿಳಿ ಕಾಳು ಕಾರ್ಪೆಟ್ಟಿನ ಮೇಲೆ ಚೆಲ್ಲಿತು. ಅದೇ.

ಅಂಟು ಟೇಪು ಒತ್ತಿ ಒತ್ತಿ ತೆಗೆದೆ. ತೆಗೆದಷ್ಟೂ ಕಾರ್ಪೆಟ್ಟಿನ ಎಳೆಯಲ್ಲಿ ಮತ್ತೊಂದು ಕಾಣುತ್ತಿತ್ತು. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಯಾವುದು ಏನೆಂದು ನೋಡುವ ಗೊಡವೆಯೇ ಬೇಡ, ಒಂದನ್ನೂ ಬಿಡುವುದು ಬೇಡ ಎಂದು ಕತ್ತರಿ ಆಡಿಸಿದೆ. ಕೈಗೆ ಹತ್ತಿದ್ದೆಲ್ಲ ಕತ್ತರಿಸಿದೆ, ಜೋಳ, ಹತ್ತಿಕಾಳು, ಕುಸುಬಿ, ಹೆಸರು. ಬೋಗುಣಿ ತುಂಬಿತು. ಎಂಟನೇ ಕಟ್ಟು ಮುಗಿಯುತ್ತಿದ್ದಂತೆ ಕಾಲಿಂಗ್ ಬೆಲ್ ಆಯಿತು.

ಬೋಗುಣಿಯನ್ನು ಸೋಫಾದ ಕೆಳಗೆ ತಳ್ಳಿ ಬಾಗಿಲ ಕಿಂಡಿಯಲ್ಲಿ ನೋಡಿದೆ. ಕಟ್ಟಡದ ಕಾವಲುಗಾರ ಮಸೂದ್. "ಮೇಡಂ, ಏಸಿ ಚೆಕಿಂಗ್" ಎಂದ. ನಾಳೆ ಬಾ ಎಂದರೆ ಸಂಶಯ ಬಂದೀತೆಂದು ಒಳಗೆ ಬಿಟ್ಟೆ. ಅವನು ಎಲ್ಲಿ ನಿಂತ ಎಂದರೆ, ಸರಿಯಾಗಿ ಚೆಲ್ಲಿದ ಜಾಗದ ಮೇಲೆ. ತಲೆಯೆತ್ತಿ ಏಸಿಯ ಗಾಳಿಗೆ ಕೈ ಒಡ್ಡಿದ, ಬಗ್ಗಿದ, ಏನನ್ನೋ ಹೆಕ್ಕಿ ನನ್ನ ಅಂಗೈಗೆ ಇಟ್ಟ. "ಖಾನಾ ಗಿರಾ ಹೈ ಮೇಡಂ. ಕಾಕ್ರೋಚ್ ಆಯೇಗಾ." ಒಂದು ಜೋಳದ ಕಾಳು. ಅವನು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಸೋಫಾದ ಕೆಳಗಿನಿಂದ ಬೋಗುಣಿ ಎಳೆದುಕೊಂಡೆ.

ಉಳಿದ ಮೂರು ಕಟ್ಟುಗಳನ್ನೂ ಮುಗಿಸಿ, ಗಂಟು ಬಿಚ್ಚಿ ಕಾಳಷ್ಟನ್ನೂ ಸಂಡಾಸಿಗೆ ಸುರಿದೆ. ನೀರು ಬಿಟ್ಟರೆ ಜೋಳ ಹೋಯಿತು, ಹೆಸರು ಹೋಯಿತು, ಸಣ್ಣ ಕಾಳು ತೇಲಿ ತೇಲಿ ಮೇಲೆ ಬಂತು. ಏಳು ಸಲ ನೀರು ಬಿಟ್ಟೆ. ಅತ್ತೆ ಎಚ್ಚರಾಗಿ, "ಹೊಟ್ಟಿ ಕೆಟ್ಟೈತೇನ ದಾನವ್ವಾ? ಓಂಕಾಳ ತಿನ್ನು" ಎಂದು ಒಳಗಿನಿಂದ ಕೂಗಿದರು. ಆ ಕಕ್ಕುಲಾತಿಗೆ ನನಗೆ ಅಳು ಬಂತು.

ಸಂಜೆ ಸಿದ್ದೇಶ ಬಂದಾಗ ಬಾಲ್ಕನಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದೆ. ಆಡಿಕೊಳ್ಳುವ ಮನುಷ್ಯ ಆ ಹೊತ್ತು ಬೆವರಿದರು. "ಎಲ್ಲಾ ತಗದಿ ಹೌದಲ್ಲ? ಒಂದೂ ಉಳಿದಿಲ್ಲಲ್ಲ?" ಎಂದು ಮೂರು ಸಲ ಕೇಳಿದರು. "ಅವ್ವಗ ಹೇಳಬ್ಯಾಡ. ಸೋಮವಾರ ಕೊಟ್ಟ ಬಂದರ ಖಲಾಸ್." ಭಾನುವಾರವಿಡೀ ಅತ್ತೆ ಟ್ರಂಕಿನ ಹತ್ತಿರ ಹೋಗದಂತೆ ನೋಡಿಕೊಂಡೆ. ತಲೆಗೆ ಎಣ್ಣೆ ಹಚ್ಚಿದೆ, ಮೆಟ್ರೋ ಹತ್ತಿಸಿ ತಿರುಗಾಡಿಸಿದೆ. ನನ್ನ ಸೊಸಿ ಬಂಗಾರ ಎಂದು ಅವರು ಫೋನಿನಲ್ಲಿ ಊರಿಗೆಲ್ಲ ಹೇಳಿಕೊಂಡರು.

ಸೋಮವಾರ ಅಬುಧಾಬಿಯ ದಾರಿಯುದ್ದಕ್ಕೂ ಅತ್ತೆ ಹಿಂದಿನ ಸೀಟಿನಲ್ಲಿ ಗುನುಗುತ್ತಿದ್ದರು. ಗಂಟಿನಿಂದ ಉದುರಿದ ಕಾಳು ಹಾಳೆಯ ಮಡಿಕೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಎಂಬುದೊಂದೇ ನನ್ನ ತಲೆಯಲ್ಲಿ. ಗ್ರಂಥಾಲಯದ ಬಾಗಿಲಲ್ಲಿ ಸೆಕ್ಯುರಿಟಿಯವನು ಟ್ರಂಕಿನ ಮುಚ್ಚಳ ಎತ್ತಿದಾಗ ನಾನು ಆ ಮಡಿಕೆಗಳನ್ನೇ ನೋಡುತ್ತಿದ್ದೆ. ಅವನು ಮುಚ್ಚಿ ಒಳಗೆ ಕಳಿಸಿದ. ಹಾಳೆಗಳ ಕೋಣೆಗೆ ಇಬ್ಬರಿಗೇ ಪ್ರವೇಶ ಎಂದರು. ಸಿದ್ದೇಶ ಗಾಜಿನ ಬಾಗಿಲಾಚೆ ಉಳಿದರು.

ಹಾಳೆಗಳನ್ನು ನೋಡಿಕೊಳ್ಳುವವಳು ಎವ್ಲಿನ್, ಕೀನ್ಯಾ ದೇಶದವಳು, ಮೆತ್ತಗಿನ ಮಾತಿನ ಹೆಂಗಸು. ಮೇಲಿನ ಹಾಳೆಯನ್ನು ದೀಪಕ್ಕೆ ಹಿಡಿದು, "ಮೂಲೆಯಲ್ಲಿ ಈ ತೂತುಗಳೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹಳೆಯ ಹೊಲಿಗೆ" ಎಂದೆ. ಅವಳು ಬರೆದುಕೊಂಡಳು.

"ಇಷ್ಟು ಶುಚಿಯಾದ ಹಾಳೆಗಳು ಬರುವುದೇ ಅಪರೂಪ. ಅವರೇ ಒಂದು ಹಾಡು ಆರಿಸಿಕೊಂಡು ಹಾಡಲಿ, ಹಾಳೆಯ ಜೊತೆ ದನಿಯನ್ನೂ ಇಡುತ್ತೇವೆ" ಎಂದು ರೆಕಾರ್ಡರ್ ಒತ್ತಿದಳು. ಕೆಂಪು ದೀಪ ಹತ್ತಿತು.

ನಾನು ಕನ್ನಡದಲ್ಲಿ ಹೇಳಿದ್ದೇ ಅತ್ತೆ ಸೆರಗು ಹೊದ್ದು ಮೊದಲನೇ ಕಟ್ಟನ್ನು ಹತ್ತಿರ ಎಳೆದುಕೊಂಡರು. ಬೆರಳು ಹಾಳೆಯ ಮೂಲೆಗೆ ಹೋಯಿತು. ಅಲ್ಲಿ ತಡವರಿಸಿತು. ಇನ್ನೊಂದು ಮೂಲೆಗೆ ಹೋಯಿತು. ಹಾಳೆ ತಿರುಗಿಸಿದರು. ಎರಡನೆಯದು, ಮೂರನೆಯದು. ನಡುವಿನಿಂದ ಒಂದನ್ನು ಎಳೆದು ನೋಡಿದರು.

"ಇವು ನನ್ನ ಹಾಳಿ ಅಲ್ಲ" ಎಂದರು. "ಯಾರವೋ ಹಾಳಿ ತಂದೀರಿ. ನನ್ನವು ಎಲ್ಲಿ ಅದಾವ?"

"ಏನನ್ನುತ್ತಿದ್ದಾರೆ?" ಎವ್ಲಿನ್ ನನ್ನ ಮುಖ ನೋಡಿದಳು. ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದವಳು ನಾನೊಬ್ಬಳೇ.

"ಶೀ ಈಸ್ ಟಯರ್ಡ್" ಎಂದೆ.

ದಿನಾ ಶಾಲೆಯಿಂದ ಬಂದು ಬ್ಯಾಗ್ ಎಸೆಯುತ್ತಾ ಅಕ್ಷರಾ ಅನ್ನುವುದೂ ಟಯರ್ಡ್ ಎಂದೇ. ಅಷ್ಟು ಇಂಗ್ಲಿಷ್ ಅತ್ತೆಗೆ ಬಂದುಬಿಟ್ಟಿತ್ತು. ಅವರ ಮುಖ ನನ್ನ ಕಡೆ ತಿರುಗಿತು.

"ನನಗೇನ ದಣಿವಾಗಿಲ್ಲ. ಸುಳ್ಳ ಯಾಕ ಹೇಳ್ತಿ? ದಾನವ್ವಾ, ನನ್ನ ಹಾಳಿ ಏನ ಮಾಡಿದಿ?"

ನನಗೆ ತಡೆಯಲಾಗಲಿಲ್ಲ. ಅವರ ಕೈ ಹಿಡಿದು ಹಾಳೆಯ ಮೇಲೆ ಇಟ್ಟೆ. "ಇವು ನಿಮ್ಮವ ಅತ್ತೀ. ಕಾಳ ನಾನ ತಗದೀನಿ. ಗಸಗಸಿ ಇತ್ತಲ್ಲ, ಈ ದೇಶದಾಗ ಅದಕ್ಕ ಜೇಲಿಗೆ ಹಾಕ್ತಾರ. ನಿಮ್ಮನ್ನ ಹಿಡಕೊಂಡ ಹೋಗ್ತಾರಂತ ಅಂಜಿದೆ. ಅಕ್ಷರಾನ ಬಿಟ್ಟ ನಾ ಹೋಗಬೇಕಾಗ್ತೈತಂತ ಅಂಜಿದೆ. ನೀವ ಮಲಗಿದಾಗ ಎಲ್ಲಾ ಕತ್ತರಿಸಿ ಹಾಕಿದೆ."

ಅವರು ಮೂಲೆಯ ತೂತಿನ ಮೇಲೆ ಬೆರಳಿಟ್ಟರು. "ಗಸಗಸಿ ತಗದಿ. ಆತು, ತಗೀಬೇಕಿತ್ತು, ತಗದಿ" ಎಂದು ತಲೆಯಾಡಿಸಿದರು. ಆಮೇಲೆ ಕೇಳಿದರು. "ಹತ್ತಿಕಾಳ?"

"ಅದನ್ನೂ."

"ಜ್ವಾಳ?"

"ಎಲ್ಲಾ ಅತ್ತೀ."

"ಜ್ವಾಳ ಏನ ಮಾಡಿತ್ತವ್ವಾ ನಿನಗ?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ಮುನ್ನೂರು ಹಾಳೆ ಎದುರಿಗಿದ್ದವು, ಅವುಗಳಲ್ಲಿ ಯಾವುದು ಯಾವ ಹಾಡೆಂದು ಇನ್ನು ಅವರಿಗೆ ಗೊತ್ತಾಗುವಂತಿರಲಿಲ್ಲ.

ಎವ್ಲಿನ್ ಮತ್ತೆ ಕೇಳಿದಳು. "ಈಗ ಏನಂದರು?"

ಗಾಜಿನಾಚೆ ಸಿದ್ದೇಶ ನಿಂತಿದ್ದರು, ಅವರ ಪಕ್ಕದಲ್ಲಿ ಸೆಕ್ಯುರಿಟಿಯವನು. ರೆಕಾರ್ಡರಿನ ದೀಪ ಉರಿಯುತ್ತಲೇ ಇತ್ತು. ಜೋಳದ ಮಾತು ಎತ್ತಿದರೆ ಇನ್ನೇನೇನು ಕಾಳಿದ್ದವು ಎಂದು ಈ ಹೆಂಗಸು ಕೇಳಿಯೇ ಕೇಳುತ್ತಾಳೆ.

"ಜೋಳ ನನಗೆ ಏನು ಮಾಡಿತ್ತು ಎಂದು ಕೇಳುತ್ತಿದ್ದಾರೆ" ಎಂದೆ.

ಎವ್ಲಿನ್ ಪೆನ್ನು ಎತ್ತಿಕೊಂಡಳು. "ಯಾವ ಜೋಳ?"

ಅತ್ತೆಯ ಬೆರಳು ಇನ್ನೂ ಆ ತೂತಿನ ಮೇಲೇ ಇತ್ತು. ಗಸಗಸೆಯನ್ನೂ ಮುಚ್ಚಿಡದೆ ನಾನು ಮೊದಲಿನಿಂದ ಹೇಳತೊಡಗಿದೆ.