ಒತ್ತುವ ಮುಂಚೆ

ವಿದ್ಯುತ್ ಚಿತಾಗಾರದ ಹೊರಕೋಣೆಯಲ್ಲಿ ಮೈದುನ ಕುರ್ಚಿಗಳನ್ನು ಗೋಡೆಗೆ ತಳ್ಳಿ ಬಂದವರಿಗೆ ಜಾಗ ಮಾಡುತ್ತಿದ್ದ. ಆ ಸಂದಿಯಲ್ಲೇ ನುಸುಳಿ, ತೀರಿಕೊಂಡ ಗಂಡನ ಆಫೀಸಿನ ಮುಖ್ಯಸ್ಥರು ಅವಳೆದುರು ಬಂದು ನಿಂತರು.

"ನಿಮ್ಮ ಯಜಮಾನರಂಥವರು ಸಿಗಲ್ಲ ಮೇಡಂ. ಹೋದ ವರ್ಷ ಡಾಕ್ಟರು ಕೈಚೆಲ್ಲಿದ ಮೇಲೂ ಕೆಲಸ ತಪ್ಪಿಸ್ಲಿಲ್ಲ."

"ಹೋದ ವರ್ಷಾನಾ?"

"ಹೌದಲ್ಲ, ನಿಮಗೆ ಗೊತ್ತಿರೋದೇ..." ಎಂದವರು ಅವಳ ಮುಖ ನೋಡಿ ಮಾತು ನುಂಗಿಕೊಂಡರು. ಫೋನ್ ಬಂದವರಂತೆ ಜೇಬು ತಡವುತ್ತ ಹೊರಗೆ ನಡೆದರು.

ಕಾಯಿಲೆಯ ವಿಷಯ ಅವಳಿಗೆ ಗೊತ್ತಾದದ್ದು ಹೋದ ತಿಂಗಳು, ಅವನು ಸ್ನಾನದ ಮನೆಯಲ್ಲಿ ಕುಸಿದು ಬಿದ್ದ ಮೇಲೆ. ಆಮೇಲೆ ಅವನಿಗೆ ಸರಿಯಾಗಿ ಪ್ರಜ್ಞೆ ಬರಲೇ ಇಲ್ಲ. ಅವನ ಕೈಕೆಳಗೆ ಕೆಲಸ ಕಲಿತ ಹುಡುಗಿ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು.

"ನಿನಗೂ ಗೊತ್ತಿತ್ತಾ?"

"ಆಫೀಸಲ್ಲಿ ಎಲ್ಲರಿಗೂ ಗೊತ್ತಿತ್ತು ಆಂಟಿ. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ವಿ. ಗೆರೆ ಮಾಮ ಹೇಳದೇ ಇರ್ತಾರಾ?"

*

ಆಫೀಸು ಅವನಿಗಿಟ್ಟ ಹೆಸರು ಗೆರೆ ಮಾಮ. ಬ್ರೌಸರ್ ತಯಾರಿಸುವ ಆ ಕಂಪನಿಯಲ್ಲಿ ಅವನ ಅರ್ಧ ಆಯುಷ್ಯ ಸವೆದದ್ದು ಲಿಂಕುಗಳ ಕೆಳಗಿನ ಒಂದು ಗೆರೆಗಾಗಿ. ಗೆರೆ ತೆಗೆದರೆ ಪುಟ ಅಂದವಾಗುತ್ತದೆ ಎಂದು ಮುಖ್ಯಸ್ಥರು. ತೆಗೆದರೆ ಎಲ್ಲಿ ಒತ್ತಬೇಕೆಂದು ಜನಕ್ಕೆ ತಿಳಿಯುವುದಿಲ್ಲ ಎಂದು ಇವನು. ಗೆರೆ ಉಳಿಸಿಕೊಂಡು ಸುಮ್ಮನಾದನೇ? ಇಲ್ಲ. ಲಿಂಕಿನ ಮೇಲೆ ಬೆರಳಿಟ್ಟರೆ ಅದು ಯಾವ ಪುಟಕ್ಕೆ ಹೋಗುತ್ತದೆ, ಆ ಪುಟ ಇನ್ನೂ ಇದೆಯೋ ಇಲ್ಲವೋ, ಎಲ್ಲವೂ ಒತ್ತುವ ಮೊದಲೇ ಕಾಣಬೇಕೆಂದು ಹಟ ಹಿಡಿದು ಮಾಡಿಸಿದ.

"ಗೊತ್ತಿಲ್ಲದ ಬಾಗಿಲೊಳಗೆ ಜನರನ್ನ ನೂಕಬಾರದು ಕಣೇ" ಎನ್ನುತ್ತಿದ್ದ.

ಹೊಸದೇನು ಮಾಡಿದರೂ ಮೊದಲ ಪರೀಕ್ಷೆ ಹೆಂಡತಿಯ ಮೇಲೆ. ಊಟದ ಮೇಜಿನ ಮೇಲೆ ಕಾಗದದಲ್ಲಿ ಬರೆದ ಪುಟ ಇಡುವನು. ಅವಳು ಬೆರಳಿನಿಂದ ಎಲ್ಲಿ ಒತ್ತಿದಳೋ ಅದಕ್ಕೆ ತಕ್ಕ ಇನ್ನೊಂದು ಕಾಗದವನ್ನು ಜಾರಿಸುವನು. ಅವಳು ಎಷ್ಟೇ ತಡಕಾಡಲಿ, ಅವನು ಬಾಯಿ ಬಿಡುವಂತಿಲ್ಲ. ಅದು ಆ ಕೆಲಸದ ಕಟ್ಟುನಿಟ್ಟು.

"ಒಂದು ಮಾತು ಹೇಳಬಾರದೇನ್ರೀ, ತಲೆ ಕೆಟ್ಟುಹೋಗ್ತಿದೆ!"

"ನಾನು ಹೇಳಿಕೊಟ್ರೆ, ನೀನು ನಿಜವಾಗಿ ಏನ್ ಮಾಡ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವಳು ನಗುತ್ತಿದ್ದಳು. ನಗುವಂಥ ಕಾಲ ಅದು.

*

ಹೋದ ವರ್ಷದ ಕೊನೆಯಲ್ಲಿ ಅದೇ ಮೇಜಿನ ಮುಂದೆ ಅವಳು ಲ್ಯಾಪ್‌ಟಾಪಿನಲ್ಲಿ ರಾಜೀನಾಮೆ ಬರೆದು ಕೂತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ, ಅವಳಿಗೆ ಪಂಚಪ್ರಾಣ. ಅದನ್ನು ಬಿಡುತ್ತಿದ್ದದ್ದು ಅವನಿಗಾಗಿ. ಅವನು ನಿವೃತ್ತನಾಗುವವನಿದ್ದ, ಇಬ್ಬರೂ ಊರೂರು ಸುತ್ತಬೇಕಿತ್ತು.

"ಕಳಿಸಿಬಿಡಲೇನ್ರೀ? ಆಮೇಲೆ ಬೇಕು ಅಂದ್ರೂ ವಾಪಸ್ ತಗೊಳ್ಳಲ್ಲ ಅವರು."

ಅವನು ಅವಳ ಕುರ್ಚಿಯ ಹಿಂದೆ ನಿಂತು ಅವಳ ಬೆರಳನ್ನೇ ನೋಡುತ್ತಿದ್ದ.

"ನಿನ್ನಿಷ್ಟ" ಎಂದ.

ಅವಳು ಒತ್ತಿದಳು. ಅವನು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದ. ಕಣ್ಣು ಒದ್ದೆಯಾಗಿತ್ತು. ಖುಷಿಗೆ ಎಂದುಕೊಂಡಿದ್ದಳು, ಪೆದ್ದಿ.

*

ಈಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊರಿಗೆಲ್ಲ ಮುಂದೇನೆಂದು ತೋರಿಸಿದ ಮನುಷ್ಯ ಕಟ್ಟಿಕೊಂಡವಳು ಬೀಳುವುದನ್ನು ಸುಮ್ಮನೆ ನಿಂತು ನೋಡಿದ್ದ. ಒಂದು ಮಾತು ಹೇಳಿದ್ದರೆ ಅವಳು ಕೆಲಸ ಬಿಡುತ್ತಿದ್ದಳೋ ಇಲ್ಲವೋ; ಉಳಿದ ದಿನಗಳನ್ನು ಉಳಿದ ದಿನಗಳೆಂದು ತಿಳಿದಾದರೂ ಕಳೆಯುತ್ತಿದ್ದಳು.

ಒಳಗೆ ಕರೆದರು. ಮೈದುನ ಕಣ್ಣೊರೆಸಿಕೊಂಡ.

"ಬಟನ್ ನಾನು ಒತ್ತುತ್ತೀನಿ ಅತ್ತಿಗೆ. ನೀವು ಅಣ್ಣನಿಗೆ ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ."

"ಏನೂ ಇಲ್ಲ. ನಾನೇ ಒತ್ತುತ್ತೀನಿ."

ಚಿತಾಗಾರದ ಕೆಲಸದವನು ಅವಳನ್ನು ಬಟನ್ನಿನ ಮುಂದೆ ನಿಲ್ಲಿಸಿದ.

"ಒತ್ತಿದ ತಕ್ಷಣ ಬಾಗಿಲು ಮೇಲಕ್ಕೆ ಹೋಗುತ್ತಮ್ಮ. ಟ್ರೇ ತಾನಾಗೇ ಒಳಗೆ ಜಾರುತ್ತೆ. ಆಮೇಲೆ ಬಾಗಿಲು ಮುಚ್ಚಿಕೊಳ್ಳುತ್ತೆ, ಮಧ್ಯದಲ್ಲಿ ನಿಲ್ಲಿಸೋಕಾಗಲ್ಲ. ಶಬ್ದ ಜೋರಿರುತ್ತೆ, ಹೆದರ್ಬೇಡಿ."

"ಇನ್ನೇನಾದ್ರೂ ಇದೆಯಾ?"

"ಅಷ್ಟೇ."

ಅವಳು ಒತ್ತಿದಳು. ಬಾಗಿಲು ಮೇಲೆ ಹೋಯಿತು, ಟ್ರೇ ಜಾರಿತು, ಬಾಗಿಲು ಮುಚ್ಚಿತು. ಝಳಕ್ಕೆ ಎಲ್ಲರೂ ಹಿಂದೆ ಸರಿದರು. ಹುಡುಗಿ ಅವಳ ತೋಳು ಹಿಡಿದು ಎಳೆದಳು.

"ಕೈ ತೆಗೀರಮ್ಮ" ಎಂದ ಕೆಲಸದವನು ಮೆಲ್ಲಗೆ. "ಒಂದು ಸಲ ಒತ್ತಿದ್ರೆ ಸಾಕು."

ಅವಳ ಹೆಬ್ಬೆರಳು ಉಗುರು ಬೆಳ್ಳಗಾಗುವಷ್ಟು ಬಲವಾಗಿ ಒತ್ತುತ್ತಲೇ ಇತ್ತು.