ಮೊಣಕಾಲಿನ ಅಳತೆ

ನನ್ನ ತಮ್ಮನನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುವುದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವನು. ಅವನ ಮೇಜು ಎರಡು ಮಂಚ ಸೇರಿಸಿದಷ್ಟು ಅಗಲ. ಅದರ ಮೇಲೆ ಬಟ್ಟೆಯನ್ನು ಇಪ್ಪತ್ತು ಪದರ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ತುದಿಯಿಂದ ಆ ತುದಿಗೆ ನಡೆಯುತ್ತ ಕತ್ತರಿಸಬೇಕು. ಕೂತು ಮಾಡುವ ಕೆಲಸವಲ್ಲ. ಕೂತರೆ ಕೈ ಮೇಜಿನ ನಡುವಿನವರೆಗೂ ಹೋಗುವುದಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದ್ದುದು ಅವನಿಗೇ ತಿಳಿದಿರಲಿಲ್ಲ. ಕಾರ್ಖಾನೆಯ ನೆಲದ ಮೇಲಿನ ಗುಂಡುಸೂಜಿಯೊಂದು ಚಪ್ಪಲಿಯನ್ನು ತೂರಿ ಬಲ ಹಿಮ್ಮಡಿಗೆ ಹೊಕ್ಕು ಎರಡು ದಿನ ಅಲ್ಲೇ ಇತ್ತು. ಗಾಯ ಕೊಳೆತು ಮೂರನೆಯ ವಾರ ಮೊಣಕಾಲಿನ ಕೆಳಗೆ ಎಂಟು ಬೆರಳಷ್ಟು ಉಳಿಸಿ ಕಾಲು ತೆಗೆದರು. ಹೆಂಡತಿ ತೀರಿಕೊಂಡ ಮೇಲೆ ಅವನು ನನ್ನ ಜೊತೆಗೇ ಇದ್ದವನು, ಹಾಗಾಗಿ ಆಸ್ಪತ್ರೆಯಿಂದಲೂ ನನ್ನ ಮನೆಗೇ ಬಂದ. ಹೊರಡುವ ದಿನ ವಾರ್ಡಿನ ನರ್ಸ್ ಒಬ್ಬಳು ಉಳಿದ ಪಾದದ ಉಗುರುಗಳನ್ನು ತಾನೇ ಕತ್ತರಿಸಿ, "ಇದನ್ನಾದ್ರೂ ಜೋಪಾನ ಮಾಡ್ಕೊಳ್ಳಿ ಅಣ್ಣ" ಎಂದಳು.

ಕಾರ್ಖಾನೆಯ ಮಾಲೀಕರು ಮನೆಗೆ ಬಂದರು. ಕುರ್ಚಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದರು. ಎದ್ದಾಗ, "ಆರು ತಿಂಗಳು ನಿನ್ನ ಮೇಜಿಗೆ ಯಾರನ್ನೂ ನಿಲ್ಲಿಸಲ್ಲ ಮಾಸ್ಟರ್. ಅಷ್ಟರಲ್ಲಿ ಕಾಲು ಹಾಕಿಸ್ಕೊಂಡು ಬಂದ್ಬಿಡು. ಅದಕ್ಕಿಂತ ಜಾಸ್ತಿ ನನ್ನ ಕೈಲೂ ಆಗಲ್ಲ" ಎಂದರು.

ಆರು ತಿಂಗಳೆಂದರೆ ಬೇಕಾದಷ್ಟಾಯಿತು ಎಂದುಕೊಂಡೆವು.

ಮೊಂಡುಕಾಲನ್ನು ನೇರವಾಗಿ ಚಾಚಿದರೆ ಹಿಂಬದಿ ಎಳೆಯುತ್ತಿತ್ತು. ಸ್ವಲ್ಪ ಮಡಿಸಿದರೆ ಹಾಯೆನಿಸುತ್ತಿತ್ತು. ನಾನು ಚಾದರ ಸುತ್ತಿ ಕೆಳಗೆ ಇಟ್ಟೆ. ಅದು ಜಾರುತ್ತಿತ್ತು. ಕಾರ್ಖಾನೆಯಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುವ ಹೆಂಗಸು, ಎಲ್ಲರ ಬಾಯಲ್ಲಿ ಕಾಜಮ್ಮ, ನೋಡಲು ಬಂದಾಗ ಅದನ್ನು ಗಮನಿಸಿದಳು.

"ಏನ್ ಮಾಸ್ಟರ್, ಊರಿಗೆಲ್ಲ ಬಟ್ಟೆ ಕತ್ತರಿಸೋರು, ನಿಮ್ಮ ಕಾಲಿಗೊಂದು ದಿಂಬಿಲ್ವಾ?"

"ಹೊಲಿಯೋರು ಬೇಕಲ್ಲ. ನಿಮಗೆಲ್ಲ ಕಾಜಾ ಬಿಟ್ರೆ ಇನ್ನೇನ್ ಬರುತ್ತೆ?"

"ಮೊದ್ಲು ನಮೂನೆ ಬರ್ದು ಕೊಡಿ. ಆಮೇಲೆ ಬಾಯಿ ಮಾಡಿ."

ಅವನು ಮಲಗಿದ್ದಲ್ಲೇ ಹಳೆಯ ಪತ್ರಿಕೆಯ ಮೇಲೆ ನಮೂನೆ ಬರೆದ. ನಾಲ್ಕು ತುಂಡು, ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಮೊಣಕಾಲು ಕೂರಲು ಮೇಲೊಂದು ತಗ್ಗು. ಮೂರೇ ದಿನದಲ್ಲಿ ದಿಂಬು ಬಂತು. ಹೊಲಿಗೆ ವಿಭಾಗದ ಹೆಂಗಸರು ಊಟದ ಬಿಡುವಿನಲ್ಲಿ ಸರದಿಯಂತೆ ಕೂತು ಹೊಲಿದಿದ್ದರು. ಮೆತ್ತಗಿನ ಚೂರುಗಳನ್ನೇ ಆರಿಸಿ, ಗಡಸು ಅಂಚುಗಳನ್ನು ತೆಗೆದು ತುಂಬಿದ್ದರು. ಒಂದು ಗಂಟೂ ಚರ್ಮಕ್ಕೆ ತಾಗುವಂತಿರಲಿಲ್ಲ. ಅವನ ಮೊಣಕಾಲು ಅಚ್ಚಿನಲ್ಲಿ ಕೂತಂತೆ ಕೂತಿತು. ಅಂದು ಅವನು ಬಹಳ ದಿನಗಳ ನಂತರ ನರಳದೆ ಮಲಗಿದ. ಅಲ್ಲಿಂದ ಮುಂದೆ ಕೂತರೂ ಮಲಗಿದರೂ ಅದು ಅವನ ಕಾಲ ಕೆಳಗೇ ಇರುತ್ತಿತ್ತು. ಸರಿದರೆ ನಾನೇ ಮತ್ತೆ ಸರಿಯಾಗಿ ಇಡುತ್ತಿದ್ದೆ.

ಹೊಲಿಗೆ ಬಿಚ್ಚಿದ ದಿನ, ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದೆ. "ಕೃತಕ ಕಾಲು ಎಲ್ಲಿ ಮಾಡಿಕೊಡ್ತಾರೆ?"

"ಅದು ನಮ್ಮ ವಿಭಾಗ ಅಲ್ಲಮ್ಮ."

"ಯಾರ ವಿಭಾಗ?"

ಒಳಗಿನವನು ಪಾಪ, ನಿಜಕ್ಕೂ ಯೋಚಿಸಿದ. "ಕಾಲು ತೆಗೆಯೋದು ನಮ್ದು" ಎಂದ. "ಹಾಕೋದು ಗೊತ್ತಿಲ್ಲ."

ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಫಲಕದಲ್ಲಿ ಸಹಾಯವಾಣಿಯ ಸಂಖ್ಯೆ ಇತ್ತು. ಕೊನೆಯ ಎರಡು ಅಂಕಿಗಳ ಮೇಲೆ ಯಾರೋ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದರು. ಎತ್ತಿ ನೋಡಿ ಬರೆದುಕೊಂಡು ಫೋನು ಮಾಡಿದರೆ ಅದು ಯಾರದೋ ಮನೆ. "ದಿನಾ ಹತ್ತು ಜನ ಮಾಡ್ತಾರೆ. ನಮಗೂ ಸಾಕಾಗಿದೆ ತಾಯಿ" ಎಂದಳು ಆ ಮನೆಯಾಕೆ. ಆದರೂ ಇಡುವ ಮೊದಲು, "ನಿಮ್ಮೋರಿಗೆ ಬೇಗ ವಾಸಿಯಾಗ್ಲಿ" ಎಂದಳು.

ಕಚೇರಿಯವರು ಮೊದಲು ಅಂಗವಿಕಲತೆಯ ಪ್ರಮಾಣಪತ್ರ ಬೇಕು ಎಂದರು. ಅದನ್ನು ಕೊಡುವ ವೈದ್ಯರು ವಾರಕ್ಕೊಂದು ದಿನ, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಕಾಲಿಲ್ಲದವರನ್ನು ನೋಡುವ ಕೋಣೆ ಮೂರನೆಯ ಮಹಡಿಯಲ್ಲಿ ಏಕಿದೆ ಎಂದು ಕೇಳುವ ಶಕ್ತಿ ನನಗಿರಲಿಲ್ಲ. ಮೊದಲ ವಾರ ಕೆಳಗಿನಿಂದಲೇ ವಾಪಸಾದೆವು. ಎರಡನೆಯ ವಾರ ವೈದ್ಯರು ರಜೆ. ಮೂರನೆಯ ವಾರ ಕಾವಲುಗಾರನೂ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಬಣ್ಣ ಬಳಿಯುವವನೂ ತಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ತನ್ನ ಕೈಯ ಬಣ್ಣ ಅಂಟಬಾರದೆಂದು ಬಣ್ಣದವನು ಕುರ್ಚಿಯ ಕಾಲಿಗೆ ತನ್ನ ಟವೆಲು ಸುತ್ತಿ ಹಿಡಿದಿದ್ದ.

ಪ್ರಮಾಣಪತ್ರದಲ್ಲಿ ಶೇಕಡಾ ಅರವತ್ತು ಎಂದು ಬರೆದಿತ್ತು.

"ನೋಡಕ್ಕಾ" ಎಂದ ತಮ್ಮ. "ಶಾಲೇಲಿ ನಂಗೆ ಒಂದ್ಸಲಾನೂ ಇಷ್ಟು ಬಂದಿರ್ಲಿಲ್ಲ."

ಪ್ರಮಾಣಪತ್ರ ಹಿಡಿದು ಇಲಾಖೆಯವರು ಕೊಟ್ಟ ವಿಳಾಸಕ್ಕೆ ಹೋದರೆ ಅಲ್ಲಿ ಕನ್ನಡಕದ ಅಂಗಡಿ ಇತ್ತು. ಕೃತಕ ಕಾಲಿನ ಕೇಂದ್ರ ಎತ್ತಲೋ ಹೋಗಿ ಎರಡು ವರ್ಷವಾಗಿತ್ತಂತೆ. ಮತ್ತೆ ಅದೇ ಇಲಾಖೆ, ಅದೇ ಸಾಲು. ನಾಲ್ಕು ತಿಂಗಳು ಹೀಗೆ ಕಳೆಯಿತು.

ಆ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದವನು ತಿರುಗಿ ತಮ್ಮನ ಮಡಚಿ ಪಿನ್ನು ಹಾಕಿದ ಪ್ಯಾಂಟನ್ನು ನೋಡಿದ. "ನಂದೂ ಒಂದಿಲ್ಲ" ಎಂದ. "ಯಾವ್ದು ಹೇಳಿ ನೋಡೋಣ?"

ತಮ್ಮ ಅವನನ್ನು ಸೊಂಟದಿಂದ ಕೆಳಗೆ ಒಮ್ಮೆ ನೋಡಿದ. "ಎಡಗಾಲು. ಆ ಕಡೆ ಪ್ಯಾಂಟಿನ ಅಂಚು ಒಂದು ಬೆರಳು ಕೆಳಗೆ ಬಿದ್ದಿದೆ. ಹೊಲಿದವನಿಗೆ ಬೈಬೇಕು."

ಅವನು ನಕ್ಕು, ಬಗ್ಗಿ, ಎಡಗಾಲನ್ನು ಬೆರಳಿನಿಂದ ತಟ್ಟಿದ. ಬಾಗಿಲು ತಟ್ಟಿದಂಥ ಸದ್ದು. "ಇಲ್ಲಿ ಕಾದ್ರೆ ಗಡ್ಡ ಬರುತ್ತೆ ಹೊರತು ಕಾಲು ಬರಲ್ಲ" ಎಂದು, ಬರೆಯಲು ಬೇರೆ ಕಾಗದವಿಲ್ಲದೆ ತನ್ನ ಸರದಿ ಚೀಟಿಯ ಹಿಂದೆಯೇ ವಿಳಾಸ ಬರೆದುಕೊಟ್ಟ. ನಾವು ಹೊರಡುವಾಗ ಅವನು ಹೊಸ ಚೀಟಿಗಾಗಿ ಸಾಲಿನ ಕೊನೆಗೆ ನಡೆಯುತ್ತಿದ್ದ.

ಹಳೆಯ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ ಒಂದು ಉದ್ದನೆಯ ಶೆಡ್ಡು. ಹೊರಗೆ ಫಲಕವಿಲ್ಲ. ಒಳಗೆ ಪ್ಲಾಸ್ಟರ್ ಪುಡಿ, ಅಂಟು, ಉಜ್ಜಿದ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ಕಾಲುಗಳು, ಪ್ರತಿಯೊಂದಕ್ಕೂ ಒಂದು ಹೆಸರಿನ ಚೀಟಿ. ತಮ್ಮನ ಮುಖ ಅರಳಿತು. "ನಮ್ಮ ಕಾರ್ಖಾನೆ ಥರಾನೇ ಇದೆಯಲ್ಲಕ್ಕಾ. ಆರ್ಡರ್ ಪ್ರಕಾರ ನೇತು ಹಾಕಿದಾರೆ."

ಕಾಲು ಮಾಡುವಾಕೆಗೆ ನಲವತ್ತರ ಆಸುಪಾಸು. ಏಪ್ರನ್ ಮೇಲೆಲ್ಲ ಒಣಗಿದ ಪ್ಲಾಸ್ಟರ್. ಅವನನ್ನು ಮಲಗಿಸಿ, ತುದಿಯನ್ನು ಒತ್ತಿ ನೋಡಿ, "ಗಾಯ ಚೆನ್ನಾಗಿ ಮಾಗಿದೆ" ಎಂದಳು. ನಂತರ ಮೊಣಕಾಲಿನ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿದಳು. ಕಾಲು ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಶಾಲೆಯ ಜಾಮಿಟ್ರಿ ಪೆಟ್ಟಿಗೆಯಲ್ಲಿ ಇರುವಂಥ ಎರಡು ತೋಳಿನ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದಳು.

"ಇದರ ಕೆಳಗೆ ಏನಾದ್ರೂ ಇಟ್ಕೊಳ್ತಿದ್ರಾ?"

ತಮ್ಮ ಮೊಣಕೈ ಊರಿ ಅರ್ಧ ಎದ್ದ. ಬಲು ಹೆಮ್ಮೆಯಿಂದ ಹೇಳಿದ: ನಾಲ್ಕು ತುಂಡು, ಎರಡು ಕಡೆ ಇಳಿಜಾರು, ಮಧ್ಯೆ ತಗ್ಗು. ಎಂಥ ದಿಂಬು ಎಂದರೆ ಮೊಣಕಾಲು ಒಂದು ಕೂದಲೆಳೆಯೂ ಅಲ್ಲಾಡುವುದಿಲ್ಲ. "ನಿಮ್ಮಲ್ಲಿ ಬರೋ ಎಲ್ರಿಗೂ ಮಾಡಿಸಿ ಕೊಡ್ಬಹುದು ಮೇಡಂ. ನಮೂನೆ ನಾನೇ ಕೊಡ್ತೀನಿ."

ಅವಳು ಅವನನ್ನು ಪೂರ್ತಿ ಮಾತಾಡಗೊಟ್ಟಳು. ಮಾತು ಮುಗಿದ ಮೇಲೆ ಒಂದು ಸ್ಟೂಲು ಎಳೆದುಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕೂತಳು.

"ಕಾಲು ತೆಗೆದ ಮೇಲೆ ಮೊಣಕಾಲಿನ ಕೆಳಗೆ ದಿಂಬು ಇಡಬಾರ್ದು. ಯಾವತ್ತೂ ಇಡಬಾರ್ದು. ನೋವಾದ್ರೂ ಚಾಚಿಯೇ ಇಡ್ಬೇಕು. ಮಡಿಸಿ ಬಿಟ್ರೆ ಹಿಂದಿನ ನರ, ಸ್ನಾಯು ಎಲ್ಲ ಅಲ್ಲೇ ಗಿಡ್ಡ ಆಗ್ಬಿಡುತ್ತೆ. ಈಗ ನಲವತ್ತು ಡಿಗ್ರಿ ಬಾಗಿ ನಿಂತಿದೆ. ಹೀಗಿದ್ರೆ ನಾನು ಕಾಲು ಕೂರಿಸೋಕಾಗಲ್ಲ."

ನಾನು ಕೈಚೀಲದಿಂದ ಆಸ್ಪತ್ರೆಯ ಬಿಡುಗಡೆ ಕಾಗದವನ್ನು ತೆಗೆದೆ. ಡಿಗ್ರಿ ಓದಿದವಳು ನಾನು. ಕಾಗದ ಓದುವುದೊಂದು ನನಗೆ ಬರುತ್ತದೆ ಎಂದುಕೊಂಡಿದ್ದೆ. ಎರಡೂ ಬದಿ ಓದಿದೆ. ಮಾತ್ರೆಗಳಿದ್ದವು, ಹೊಲಿಗೆ ಬಿಚ್ಚುವ ದಿನವಿತ್ತು. ಕಾಲನ್ನು ಹೇಗಿಡಬೇಕೆಂದು ಒಂದು ಸಾಲೂ ಇರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

"ನಿಮ್ಮ ತಪ್ಪಲ್ಲಮ್ಮ" ಎಂದಳು ಅವಳು. "ಆಸ್ಪತ್ರೆಯೋರು ಮೊದಲ ವಾರವೇ ನಮ್ಮ ಹತ್ರ ಕಳಿಸ್ಬೇಕಿತ್ತು. ಹೇಳೋದು ನಮ್ಮ ಕೆಲಸ. ಯಾರೂ ಕಳಿಸಲ್ಲ."

ಆಟೋದಲ್ಲಿ ಬರುವಾಗ ತಮ್ಮ ಹೊರಗೆ ನೋಡುತ್ತ ಕೂತಿದ್ದ. ಮನೆಯ ತಿರುವು ಬಂದಾಗ, "ಕಾಜಮ್ಮಂಗೆ ಹೇಳ್ಬೇಡ" ಎಂದ. "ಯಾರಿಗೂ ಹೇಳ್ಬೇಡ. ಊಟ ಬಿಟ್ಟು ಹೊಲಿದಿದಾರೆ."

ಮೇಜಿಗೆ ಇನ್ನು ಉಳಿದದ್ದು ಎಂಟು ವಾರ. ಹದಿನೈದು ಡಿಗ್ರಿಗೆ ಇಳಿಸಿಕೊಂಡು ಬಂದರೆ ಇಡೀ ದಿನ ನಿಲ್ಲುವಂಥ ಕಾಲು ಮಾಡಿಕೊಡುತ್ತೇನೆಂದು ಆಕೆ ಹೇಳಿದ್ದಳು. ದಿನಕ್ಕೆ ಮೂರು ಹೊತ್ತು ಬೋರಲು ಮಲಗಬೇಕು. ಆಮೇಲೆ ಅಂಗಾತ ಮಲಗಿ, ಮೊಂಡಿನ ತುದಿಗೆ ಸುರುಳಿ ಸುತ್ತಿದ ಟವೆಲು ಕೊಟ್ಟು, ಮೊಣಕಾಲಿನ ಮೇಲೆ ಮರಳಿನ ಚೀಲ ಹೇರಬೇಕು. ಹೇರುವವಳು ನಾನು.

"ನೀನು ಅಕ್ಕನೋ ಯಮನೋ?"

"ಇನ್ನು ಐದು ನಿಮಿಷ."

"ಆಗ್ಲೇ ಐದು ಅಂದೆ. ನಿನ್ನ ಗಡಿಯಾರಕ್ಕೆ ಬೆಂಕಿ ಬೀಳ."

ಅವನು ಚಾದರದ ಅಂಚನ್ನು ಕಚ್ಚಿ ಹಿಡಿಯುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ, ಅವನ ಮುಖ ನೋಡುತ್ತಿರಲಿಲ್ಲ. ಎರಡು ವಾರಕ್ಕೆ ಮೂವತ್ತೈದು. ನಾಲ್ಕನೆಯ ವಾರ ಮೂವತ್ತು. ಆ ದಿನ ಅವನು ಮಾಲೀಕರಿಗೆ ಫೋನು ಮಾಡಿ ತನ್ನ ಕತ್ತರಿಗೆ ಸಾಣೆ ಹಿಡಿಸಿಡಲು ಹೇಳಿದ.

ಐದನೆಯ ವಾರ ಕಾಜಮ್ಮ ಬಂದಳು. ಮಂಚದ ಮೇಲೆ ಕಣ್ಣಾಡಿಸಿ, "ದಿಂಬೆಲ್ಲಿ ಮಾಸ್ಟರ್? ಆಗ್ಲೇ ಮೂಲೆಗೆ ಹಾಕಿದ್ರಾ?" ಎಂದಳು.

"ಅಕ್ಕ ಒಗೆಯೋಕೆ ಹಾಕಿದಾಳೆ. ಅದಿಲ್ದೆ ನಿದ್ದೆ ಎಲ್ಲಿ ಬರುತ್ತೆ ನಂಗೆ?"

"ಹಂಗಾದ್ರೆ ಇನ್ನೊಂದು ಹೊಲಿದು ತರ್ತೀವಿ. ಒಂದು ಒಗೆಯೋಕೆ, ಒಂದು ಇಟ್ಕೊಳ್ಳೋಕೆ."

"ಬೇಡ, ಬೇಡ" ಎಂದ. ಬಹಳ ಜೋರಾಗಿ ಹೇಳಿದನೆಂದು ಅವನಿಗೇ ಅನಿಸಿತೇನೋ, "ನಿಮಗೆ ಕೆಲಸ ಕಮ್ಮಿಯಾ?" ಎಂದು ನಕ್ಕ.

ಆರನೆಯ ವಾರ ಇಪ್ಪತ್ತೆಂಟು. ಏಳನೆಯ ವಾರ ಇಪ್ಪತ್ತೆಂಟು. ಚೀಲಕ್ಕೆ ಇನ್ನಷ್ಟು ಮರಳು ತುಂಬಲು ಅವನೇ ಹೇಳಿದ. ಚರ್ಮ ಕೆಂಪಾಯಿತು, ನಾನು ಮತ್ತೆ ತೆಗೆದೆ. ಅದಕ್ಕೆ ಅವನು ಒಂದು ದಿನ ನನ್ನೊಡನೆ ಮಾತು ಬಿಟ್ಟ.

ಎಂಟನೆಯ ವಾರ ಶೆಡ್ಡಿನಲ್ಲಿ ಆಕೆ ಅಳತೆಪಟ್ಟಿಯನ್ನು ಮೂರು ಸಲ ಇಟ್ಟು ನೋಡಿದಳು. ಮೂರನೆಯ ಸಲ ನಮಗಾಗಿ ಇಟ್ಟದ್ದು, ತನಗಾಗಿ ಅಲ್ಲ.

"ಎಷ್ಟು?" ಎಂದ ತಮ್ಮ.

"ಇಪ್ಪತ್ತೆಂಟೇ."

"ಆಪರೇಶನ್ ಮಾಡಿದ್ರೆ?"

"ನಿಮ್ಮ ಕಾಗದ ಎಲ್ಲ ತೋರಿಸಿ ಕೇಳ್ದೆ. ಈ ಸಕ್ಕರೆಗೆ, ಈ ರಕ್ತನಾಳಕ್ಕೆ ಡಾಕ್ಟರು ಕೈ ಹಾಕಲ್ಲ ಅಂದ್ರು. ಹಾಕಿದ್ರೆ ಮೊಣಕಾಲೂ ಹೋಗ್ಬಹುದು." ಅಳತೆಪಟ್ಟಿಯನ್ನು ಮಡಿಸಿಟ್ಟು ಹೇಳಿದಳು, "ಇದಕ್ಕೂ ಒಂದು ಥರದ ಕಾಲು ಮಾಡ್ಬಹುದು. ಆದ್ರೆ ಬಾಗಿದ ಹಾಗೇ ನಿಲ್ತೀರಿ. ಹತ್ತು ನಿಮಿಷ, ಹೆಚ್ಚಂದ್ರೆ ಕಾಲು ಗಂಟೆ. ಅದಕ್ಕಿಂತ ಹೆಚ್ಚು ನಿಂತ್ರೆ ಚರ್ಮ ಸುಲಿಯುತ್ತೆ. ನಿಮಗೆ ಸುಲಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ."

ತಮ್ಮ ಕೈ ಚಾಚಿದ. ನಾನು ಫೋನು ಕೊಟ್ಟೆ.

"ಮಾಲೀಕ್ರೇ, ನಾನು. ಇಲ್ಲ, ಕಾಲು ಮಾಡೋ ಕಡೇನೇ ಇದೀನಿ. ಆ ಮೇಜಿಗೆ ಯಾರನ್ನಾದ್ರೂ ನಿಲ್ಲಿಸ್ಬಿಡಿ... ಇಲ್ಲ. ಆಗಲ್ಲ ಅಂದ್ರು... ನಿಮ್ಮದೇನೂ ತಪ್ಪಿಲ್ಲ, ಆರು ತಿಂಗಳು ಕಾದ್ರಿ... ಗುಂಡಿ ಹಚ್ಚೋದಾ? ನೋಡೋಣ. ಈಗ ಕೇಳ್ಬೇಡಿ... ಹಾಂ, ಹೊಸಬನಿಗೆ ಒಂದು ಮಾತು ಹೇಳಿ. ಮೇಜು ಎಡಗಡೆ ಸ್ವಲ್ಪ ಇಳಿದಿದೆ. ಬಟ್ಟೆ ಹಾಸುವಾಗ ಆ ಕಡೆ ಭಾರ ಇಟ್ಕೋಬೇಕು. ಇಲ್ದಿದ್ರೆ ಕೆಳಗಿನ ಪದರ ಜಾರುತ್ತೆ."

ಫೋನು ವಾಪಸು ಕೊಟ್ಟ. ಆಕೆ ನಮಗೆ ಬೆನ್ನು ಮಾಡಿ ತನ್ನ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಅವು ಆಗಲೇ ಜೋಡಿಸಿಯೇ ಇದ್ದವು.

"ಮೇಡಂ" ಎಂದ ತಮ್ಮ. "ಆ ಬಾಗಿದ ಕಾಲಲ್ಲಿ ಮಂಚದಿಂದ ಬಚ್ಚಲಿಗೆ ಹೋಗ್ಬಹುದಾ? ಅಕ್ಕನ್ನ ಕರೀದೆ?"

"ಹೋಗ್ಬಹುದು."

"ವಾಪಸೂ ಬರ್ಬಹುದು ತಾನೆ?"

"ಬರ್ಬಹುದು."

"ಹಾಗಾದ್ರೆ ಅಳತೆ ತೆಗೀರಿ."

ಅವಳು ಬೇಸಿನ್ನಿನಲ್ಲಿದ್ದ ತಣ್ಣೀರನ್ನು ಚೆಲ್ಲಿ, ತನ್ನ ಚಹಾಕ್ಕೆಂದು ಕಾಯಿಸಿದ್ದ ನೀರನ್ನು ಬೆರೆಸಿ, ಮಣಿಕಟ್ಟಿನಿಂದ ಬಿಸಿ ನೋಡಿ ಪ್ಲಾಸ್ಟರ್ ಪಟ್ಟಿಯನ್ನು ಅದರಲ್ಲಿ ಅದ್ದಿದಳು. ಪ್ಯಾಂಟನ್ನು ಮೇಲೆ ಹಿಡಿದುಕೊಳ್ಳಲು ನಾನು ಎದ್ದೆ.

"ನೀನು ಕೂತ್ಕೋ ಅಕ್ಕಾ" ಎಂದ ಅವನು, ಎರಡೂ ಕೈಯಲ್ಲಿ ತಾನೇ ಬಟ್ಟೆಯನ್ನು ಮೇಲಕ್ಕೆ ಸುತ್ತಿಕೊಳ್ಳುತ್ತ.