ಕಣ್ಣಿಗೆ ಸಿಗದ ಚೌಕ

ವಿಮಾನ ರಾತ್ರಿಗೆ. ಗುಮ್ಮಟದ ಪರದೆ ಇಳಿಸುವುದು ಮಧ್ಯಾಹ್ನಕ್ಕೆ. ಬೋರ್ಡಣ್ಣನಿಗೆ ಬೆಳಿಗ್ಗೆಯ ತಿಂಡಿ ಗಂಟಲಲ್ಲಿ ಇಳಿದಿರಲಿಲ್ಲ.

ಊರಿನಲ್ಲಿ ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿಯ ಅಕ್ಷರ ಬರೆದುಕೊಂಡಿದ್ದವನಿಗೆ ಆ ಹೆಸರು ಅಂಟಿಕೊಂಡಿತ್ತು. ಫ್ಲೆಕ್ಸ್ ಬಂದು ಅವನ ಹೊಟ್ಟೆಯ ಮೇಲೆ ಹೊಡೆದಾಗ, ಹೆಂಡತಿಯ ಅಣ್ಣ ಅವನನ್ನು ತನ್ನ ಜೊತೆ ಈ ಪರದೇಶಕ್ಕೆ ಎಳೆದುಕೊಂಡು ಬಂದಿದ್ದ. ಆ ಭಾವ ಗಾರೆ ಕೆಲಸದವನು. ಇಲ್ಲೊಂದು ಹಳೆಯ ಗ್ರಂಥಾಲಯ, ಅದರ ಗುಮ್ಮಟದ ಒಳಮೈ ತುಂಬ ಚಿತ್ರ. ತೇವ ಕುಡಿದು ಚಿತ್ರ ಹಪ್ಪಳದ ಹಾಗೆ ಎದ್ದು ಉದುರಿತ್ತು. ಉದುರಿದ ಕಡೆ ಭಾವ ಗಾರೆ ಮೆತ್ತಬೇಕು, ಅದರ ಮೇಲೆ ಇವನು ಬಣ್ಣ ತುಂಬಬೇಕು. ಎರಡು ವರ್ಷದ ಮಾತು ಅಂತ ಬಂದದ್ದು ಐದಕ್ಕೆ ಎಳೆದಿತ್ತು.

ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಆಕೆಯ ನಿಯಮಗಳು ವಿಚಿತ್ರ. ಬಣ್ಣವನ್ನು ಬಳಿಯುವಂತಿಲ್ಲ, ಕೂದಲೆಳೆಯಂಥ ಗೆರೆಗಳನ್ನು ಒಂದರ ಪಕ್ಕ ಒಂದು ಎಳೆಯುತ್ತ ಹೋಗಬೇಕು. ಮೂಗು ತಾಗಿಸಿ ನೋಡಿದವರಿಗೆ ಇದು ರಿಪೇರಿ ಅಂತ ತಿಳಿಯಬೇಕು, ಕೆಳಗೆ ನಿಂತವರಿಗೆ ಸುಳಿವು ಸಿಗಬಾರದು. ಇನ್ನು ಇಡೀ ಚಿತ್ರದ ನಕಲನ್ನು ಕೆಲಸಗಾರರು ಯಾರೂ ನೋಡುವಂತಿಲ್ಲ. ಗುಮ್ಮಟವನ್ನು ಚೌಕ ಚೌಕವಾಗಿ ಹಂಚಿದ್ದಳು, ಅವರವರ ಚೌಕ ಅವರವರಿಗೆ. ಚಿತ್ರ ಗೊತ್ತಾಗಿಬಿಟ್ಟರೆ ಕೈ ಮುಂದೆ ಓಡುತ್ತದೆ, ಇಲ್ಲದ್ದನ್ನೂ ಬರೆದುಬಿಡುತ್ತದೆ ಎನ್ನುವುದು ಆಕೆಯ ವಾದ. ಕೆಳಗಿನಿಂದಲೂ ಯಾರಿಗೂ ಕಾಣದ ಹಾಗೆ ಅಟ್ಟಣೆಯ ಕೆಳಗೆ ದಪ್ಪ ಬಟ್ಟೆಯ ಪರದೆ ಬೇರೆ ಕಟ್ಟಿಸಿದ್ದಳು.

ಹೀಗಾಗಿ ಬೋರ್ಡಣ್ಣ ಹಲಗೆಯ ಮೇಲೆ ಅಂಗಾತ ಮಲಗಿ, ಮುಖದ ನೇರಕ್ಕೆ ಗುಮ್ಮಟದಲ್ಲಿದ್ದ ಬಿಳಿಬೂದು ಬಣ್ಣವನ್ನು ಮೋಡ ಅಂತಲೇ ನಂಬಿಕೊಂಡಿದ್ದ.

“ಇವತ್ತೇನು ಬರೆದ್ರಿ?” ಅಂತ ಹೆಂಡತಿ ಫೋನಿನಲ್ಲಿ ಕೇಳುವಳು.

“ಮೋಡ.”

“ನಿನ್ನೇನೂ ಮೋಡ, ಹೋದ ವರ್ಷಾನೂ ಮೋಡ. ಅದು ಯಾವಾಗ ಮಳೆ ಸುರಿಸಿ, ನೀವು ಯಾವಾಗ ಮನೆಗೆ ಬರೋದು?”

ಅವನ ತಿಂಡಿ ಇಳಿಯದಿದ್ದುದಕ್ಕೆ ಕಾರಣ ಮೊದಲನೇ ತಿಂಗಳ ಒಂದು ಎಡವಟ್ಟು. ಬೋರ್ಡು ಬರೆದ ಕೈ ನೋಡಿ. ಮೊದಲು ಅಂಚು ಕಟ್ಟಿ, ಆಮೇಲೆ ಒಳಗೆ ಗಟ್ಟಿಯಾಗಿ ಬಣ್ಣ ತುಂಬಿ ರೂಢಿ. ಅಂಗೈ ಅಗಲದ ಒಂದು ಚೌಕವನ್ನು ಹಾಗೇ ಮುಗಿಸಿಬಿಟ್ಟಿದ್ದ. ಮೇಡಂ ನೋಡಿ ಹಣೆ ಚಚ್ಚಿಕೊಂಡಳು. ಕೆರೆದರೆ ಸುತ್ತಲಿನ ಹಳೆಯ ಬಣ್ಣವೂ ಕಿತ್ತುಬರುವ ಹಾಗಿತ್ತು. ಇರಲಿ, ಪರದೆ ಇಳಿದ ದಿನ ನೋಡೋಣ, ಕಣ್ಣಿಗೆ ಹೊಡೆದರೆ ತೆಗೆಯಲೇಬೇಕು ಅಂದಿದ್ದಳು. ಅಂದಿನಿಂದ ಆ ಚೌಕ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಕಂಡುಬಿಟ್ಟರೆ ಸರಿಮಾಡಲು ತಾನಿರುವುದಿಲ್ಲ. ಇಷ್ಟು ವರ್ಷ ದುಡಿದ ನಾಡಿನಲ್ಲಿ ತನ್ನದೆಂದು ಉಳಿಯುವುದು ಆ ತೇಪೆಯೊಂದೇ.

“ಮುಖ ಯಾಕೆ ಹಿಂಗೆ ಹರಳೆಣ್ಣೆ ಕುಡಿದೋರ ಥರ ಮಾಡ್ಕೊಂಡಿದೀಯ?” ಎಂದ ಭಾವ. “ಊರಿಗೆ ಹೊರಟೋನು ನೀನು, ಜೈಲಿಗಲ್ಲ.”

ಅಟ್ಟಣೆಯನ್ನು ಆಗಲೇ ಬಿಚ್ಚಿ, ಬಟ್ಟೆಯೊಂದನ್ನೇ ಉಳಿಸಿದ್ದರು. ಕೆಲಸಗಾರರೆಲ್ಲ ಖಾಲಿ ಮೇಜುಗಳ ನಡುವೆ ಕತ್ತೆತ್ತಿ ನಿಂತರು. ಮೇಡಂ ಕೈ ಬೀಸಿದಳು. ಹಗ್ಗ ಸಡಿಲವಾಯಿತು, ಬಟ್ಟೆ ಒಂದು ಕಡೆಯಿಂದ ಜಾರಿತು, ಐದು ವರ್ಷದ ಧೂಳು ಎಲ್ಲರ ತಲೆಯ ಮೇಲೆ ಬಿತ್ತು. ಕೆಮ್ಮುತ್ತ ಕಣ್ಣೊರೆಸಿಕೊಂಡು ಬೋರ್ಡಣ್ಣ ಮೇಲೆ ನೋಡಿದ.

ಮೋಡ ಇರಲಿಲ್ಲ. ಹಕ್ಕಿ ಇತ್ತು.

ಇಡೀ ಗುಮ್ಮಟಕ್ಕೆ ಒಂದೇ ಹಕ್ಕಿ. ಒಂದು ರೆಕ್ಕೆ ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಸುತ್ತಲಿನ ಕಿಟಕಿಗಳಿಂದ ಬಿಸಿಲು ಹಾಯುತ್ತಿದ್ದ ಕಡೆಯೆಲ್ಲ ಗರಿಗಳು ಉಸಿರಾಡಿದ ಹಾಗೆ ಕಾಣುತ್ತಿದ್ದವು. ಕತ್ತು ಬಾಗಿಸಿ ಅದು ಕೆಳಗೆ, ಮೇಜುಗಳ ಕಡೆ ನೋಡುತ್ತಿತ್ತು; ಓದಲು ಕೂತವರನ್ನೆಲ್ಲ ರೆಕ್ಕೆಯ ಅಡಿ ಇಟ್ಟುಕೊಂಡು ಕಾಯುವುದಕ್ಕೇ ಬಂದಂತಿತ್ತು. ಬೋರ್ಡಣ್ಣನ ಮೈ ಜುಮ್ಮೆಂದಿತು. ಯಾರೋ ಪುಣ್ಯಾತ್ಮ, ಎಷ್ಟೋ ತಲೆಮಾರಿನ ಹಿಂದೆ, ತನ್ನ ಹಾಗೇ ಅಂಗಾತ ಮಲಗಿ ಇದನ್ನು ಬರೆದಿದ್ದ. ಅವನ ಕಣ್ಣೆದುರೂ ಬರಿಯ ಬಿಳಿಬೂದು ಬಣ್ಣವೇ ಇದ್ದಿರಬೇಕು. ಆದರೂ ಹಕ್ಕಿ ಪೂರ್ತಿ ಅವನ ತಲೆಯೊಳಗಿತ್ತು. ಮನುಷ್ಯನ ತಲೆಯೊಳಗೆ ಇಷ್ಟು ದೊಡ್ಡದು ಹಿಡಿಯುತ್ತದೆ ಎಂಬುದೇ ಬೋರ್ಡಣ್ಣನಿಗೆ ನಂಬಲಾಗಲಿಲ್ಲ.

ಆಮೇಲೆ ಚೌಕದ ನೆನಪಾಯಿತು. ಎಡ ರೆಕ್ಕೆ, ಮೂರನೇ ಕಿಟಕಿಯ ನೇರ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ. ಕಿಟಕಿ ಸಿಕ್ಕಿತು, ರೆಕ್ಕೆ ಸಿಕ್ಕಿತು, ಅಲ್ಲಿಂದ ಮುಂದೆ ಗರಿಯ ಮೇಲೆ ಗರಿ, ಗರಿಯ ಮೇಲೆ ಗರಿ.

“ಐದು ವರ್ಷ ಮಲಗಿದ ಹಾಸಿಗೆ ಎಲ್ಲಿತ್ತು ಅಂತ ಗೊತ್ತಾಗ್ತಿಲ್ವೇನಯ್ಯಾ?” ಎಂದ ಭಾವ. ಅವನ ದನಿಯಲ್ಲೂ ಎಂದಿನ ಕುಚೋದ್ಯ ಇರಲಿಲ್ಲ.

“ಇಲ್ಲ ಭಾವ. ನಿಮಗೆ?”

“ನಾನು ಮೆತ್ತಿದ ಗಾರೇನೇ ನನಗೆ ಕಾಣ್ತಿಲ್ಲ.”

ಮೇಡಂ ದುರ್ಬೀನು ಹಿಡಿದು ಬಹಳ ಹೊತ್ತು ಅತ್ತಲೇ ನೋಡಿದಳು. ಅವಳು ಹುಡುಕುತ್ತಿರುವುದು ಏನೆಂದು ಬೋರ್ಡಣ್ಣನಿಗೆ ಹೇಳಬೇಕಾಗಿರಲಿಲ್ಲ. ಕೊನೆಗೆ ದುರ್ಬೀನು ಇಳಿಸಿ, ಸಿಗಲಿಲ್ಲ ಎಂಬಂತೆ ಕೈಯಾಡಿಸಿ, ಅವನ ಭುಜ ತಟ್ಟಿ ಮುಂದೆ ಹೋದಳು. ಮುಳ್ಳು ಕಿತ್ತಂತಾಯಿತು. ಅದರ ಹಿಂದೆಯೇ ಸಣ್ಣ ಸಂಕಟವೂ ಬಂತು. ತೇಪೆ ಕಾಣುತ್ತಿಲ್ಲ, ಸರಿ. ನೆಟ್ಟಗೆ ಮಾಡಿದ ಕೆಲಸವೂ ಕಾಣುತ್ತಿಲ್ಲವಲ್ಲ. ಊರಿಗೆ ಹೋಗಿ ಏನನ್ನು ತೋರಿಸಿ, ಇದು ನನ್ನದು ಅನ್ನುವುದು?

ಹೆಂಡತಿಗೆ ವಿಡಿಯೋ ಕಾಲ್ ಮಾಡಿದ. ಮಾತಾಡದೆ ಫೋನನ್ನು ಮೇಲಕ್ಕೆತ್ತಿ, ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ತಿರುಗಿಸಿದ. ಯಾವುದು ನಿಮ್ಮದು ಅಂತ ಈಗ ಕೇಳುತ್ತಾಳೆ, ಏನು ಹೇಳಲಿ ಎಂದು ಕಾದ.

ಅವಳು ಅದನ್ನು ಕೇಳಲಿಲ್ಲ.

“ಅದು ಎಷ್ಟು ಎತ್ತರ ಇದೆ?” ಅಂದಳು.

ಕೇಳಿದಾಗಲೆಲ್ಲ ಮನೆಯ ಅಟ್ಟದಷ್ಟು ಅಂತ ಹೇಳಿಕೊಂಡು ಬಂದಿದ್ದ. ಅಟ್ಟಣೆಯ ಮೇಲಿದ್ದಾಗ ಕಾಲ ಕೆಳಗಿನ ಬಟ್ಟೆ ನೆಲವನ್ನು ಮರೆಮಾಡುತ್ತಿದ್ದುದರಿಂದ ಅವನೂ ಹೆಚ್ಚುಕಮ್ಮಿ ಹಾಗೇ ಅಂದುಕೊಂಡಿದ್ದ. ಈಗ ಅವಳ ಕಣ್ಣಿನಿಂದ ಆ ಎತ್ತರವನ್ನು ನೋಡಿದ. ಐದು ವರ್ಷ ಬಾರದ ಭಯ ಒಟ್ಟಿಗೇ ಬಂದು, ಮೇಜಿನ ಕಾಲು ಹಿಡಿದು ನೆಲದ ಮೇಲೆ ಕುಸಿದು ಕೂತ.

“ನೀವು ಅಲ್ಲಿ ಮಲಗ್ತಿದ್ರಾ?”

“ಹೂಂ.”

“ದಿನಾನೂ?”

“ಹೂಂ.”



“ಈಗ ಎಲ್ಲಿದೀರ?”

“ಕೆಳಗೆ. ನೆಲದ ಮೇಲೆ ಕೂತಿದೀನಿ.”

“ಹಂಗೇ ಕೂತಿರಿ,” ಎಂದಳು. “ಸ್ವಲ್ಪ ಹೊತ್ತು ಏಳ್ಬೇಡಿ. ಅಲ್ಲೇ ಕೂತಿರಿ.”

ಐದು ವರ್ಷ ಬಾ ಬಾ ಎಂದು ಪ್ರಾಣ ತಿಂದವಳ ಮಾತು ಕೇಳಿ ಬೋರ್ಡಣ್ಣ ಹಾಗೇ ಕೂತುಬಿಟ್ಟ. ವಿಮಾನಕ್ಕೆ ಹೊತ್ತಾಯಿತೆಂದು ಭಾವನೇ ಬಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.